ಮನೆಯಲ್ಲಿ ಜೋಡಿಸಿದ ಕಂಪ್ಯೂಟರು ನಡುನಡುವೆ ಆರಿ ಹೊತ್ತಿಕೊಳ್ಳುವುದೇಕೆ?

ಕಂಪ್ಯೂಟರೆಂಬುದು ಕಚೇರಿಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಮಾತ್ರ ಕಾಣಸಿಗುತ್ತಿದ್ದ ಕಾಲವು ಕಳೆದು ಬಹಳ ವರ್ಷಗಳಾದವು. ಈಗ ಅದು ಹಳ್ಳಿಯ ಮನೆಗಳಲ್ಲಿಯೂ ಬೀರು, ಹೊಲಿಗೆಯ ಯಂತ್ರಗಳ ಪಕ್ಕದಲ್ಲಿ ತನ್ನದೊಂದು ಸ್ಥಾನವನ್ನು ಪಡೆದುಕೊಂಡಿದೆ. ಸಿದ್ಧವಾದ ಯಂತ್ರವನ್ನು ಕೊಳ್ಳದೆ, ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆಯಂಥ ಪೇಟೆಯಿಂದ ಬಿಡಿಭಾಗಗಳನ್ನು ಆರಿಸಿ ತಂದು, ಮನೆಯ ಜಗುಲಿಯಲ್ಲಿ ಕುಳಿತು ತಾವೇ ಜೋಡಿಸಿಕೊಳ್ಳುವ ತರುಣರೂ ಉಂಟು. ಹೀಗೆ ಮಾಡುವುದರಿಂದ ಹಣದ ಉಳಿತಾಯವಾಗುವುದಲ್ಲದೆ, ಯಂತ್ರದ ಅಂತರಂಗವು ಜೋಡಿಸಿದವನಿಗೆ ಪರಿಚಿತವಾಗುವುದು. ಇದು ಮೆಚ್ಚತಕ್ಕ ಉದ್ಯಮವೇ ಸರಿ.

ಆದರೆ ಇಂಥ ಯಂತ್ರಗಳಿಗೆ ಒಂದು ವಿಚಿತ್ರವಾದ ರೋಗವು ಬರುವುದುಂಟು. ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗಲೇ ತೆರೆಯು ಥಟ್ಟನೆ ಕಪ್ಪಾಗುತ್ತದೆ; ಕ್ಷಣದ ತರುವಾಯ, ಏನೂ ಆಗದಿದ್ದಂತೆ, ಯಂತ್ರವು ಮೊದಲಿನಿಂದ ಹೊತ್ತಿಕೊಳ್ಳುತ್ತದೆ. ಒಂದು ದಿನ ಮೂರು ಸಲ ಹೀಗಾದರೆ, ಮುಂದೆ ಒಂದು ವಾರ ಏನೂ ಆಗದಿರಬಹುದು. ಪೂರ್ಣವಾಗಿ ಕೆಟ್ಟ ಯಂತ್ರವನ್ನು ರಿಪೇರಿ ಮಾಡುವುದು ಸುಲಭ. ಆಗೊಮ್ಮೆ ಈಗೊಮ್ಮೆ ಕೆಡುವ ಯಂತ್ರವೇ ಮನುಷ್ಯನ ತಾಳ್ಮೆಯನ್ನು ಪರೀಕ್ಷಿಸುವುದು. ಅಂಗಡಿಗೆ ಹೊತ್ತುಕೊಂಡು ಹೋದಾಗ ಅದು ಸಾಧುವಾಗಿ ನಡೆಯುತ್ತದೆ; ಮನೆಗೆ ತಂದ ಸಂಜೆಯೇ ಹಿಂದಿನ ಚಾಳಿಯನ್ನು ತೋರಿಸುತ್ತದೆ.

ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿಗೆ ಸೇರಿದ ಕೊಡಿಗೇನಹಳ್ಳಿಯಂಥ ಊರಿನ ಒಂದು ಮನೆಯನ್ನು ವಾಚಕರು ಭಾವಿಸಿಕೊಳ್ಳಲಿ. ಅದು ಜಯಮಂಗಲಿ ನದಿಯ ಸೀಮೆ. ಆಂಧ್ರದ ಗಡಿಯೂ ಹಿಂದೂಪುರವೂ ಸಮೀಪದಲ್ಲಿವೆ. ಮನೆಯ ಯಜಮಾನನು ಕಡಲೆಕಾಯಿಯ ಲೆಕ್ಕವನ್ನೂ ಪಹಣಿಗಳ ಪ್ರತಿಗಳನ್ನೂ ಆ ಯಂತ್ರದಲ್ಲಿ ಇಟ್ಟಿದ್ದಾನೆ. ಮಗಳು ಕಾಲೇಜಿನ ಅರ್ಜಿಯನ್ನು ಅದರಲ್ಲಿಯೇ ತುಂಬಬೇಕು. ಕಡೆಯ ದಿನದ ರಾತ್ರಿ ಅರ್ಧ ತುಂಬಿದಾಗ ಯಂತ್ರವು ಆರಿಹೋದರೆ ಅವಳ ಅವಸ್ಥೆಯನ್ನು ಹೇಳತಕ್ಕದ್ದಿಲ್ಲ. ಯಂತ್ರವನ್ನು ಜೋಡಿಸಿದ ಮಗನಂತೂ ಎಲ್ಲರ ಬಾಯಿಗೂ ಗುರಿಯಾಗುತ್ತಾನೆ. "ಸಿದ್ಧವಾದುದನ್ನೇ ತಂದಿದ್ದರೆ ಈ ಪಾಡು ಬರುತ್ತಿತ್ತೇನಪ್ಪಾ?" ಎಂದು ಅಜ್ಜಿಯೂ ಕೇಳುವಳು. ಹುಡುಗನು ನಾಚಿಕೊಂಡು, ಯಾರೋ ಹೇಳಿದರೆಂದು ಒಂದು ಭಾಗವನ್ನು ಬದಲಿಸುವನು. ಗುಣ ಕಾಣದಿರಲು ಮತ್ತೊಂದನ್ನು ಕೊಳ್ಳುವನು. ಹೀಗೆ ಕಾರಣವನ್ನು ಅರಿಯದೆ ಔಷಧಕ್ಕೆ ಹಣ ಸುರಿಯುವುದೇ ಈ ರೋಗದ ನಿಜವಾದ ನಷ್ಟ. ಅದನ್ನು ತಪ್ಪಿಸುವ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಮಾಡತಕ್ಕ ಎರಡು ಕೆಲಸಗಳು

ಮೊದಲನೆಯದು, ಮುಖ್ಯವಾದ ಕಡತಗಳನ್ನೂ ಚಿತ್ರಗಳನ್ನೂ ಬೇರೊಂದು ಡಿಸ್ಕಿಗಾಗಲಿ ಪೆನ್‌ಡ್ರೈವಿಗಾಗಲಿ ನಕಲು ಮಾಡಿಡುವುದು. ಬರೆಯುತ್ತಿರುವಾಗಲೇ ಯಂತ್ರವು ಆರಿದರೆ ಕಡತವು ಅರ್ಧಕ್ಕೆ ನಿಂತು ಕೆಡಬಹುದು. ಯಂತ್ರವನ್ನು ಮರಳಿ ಕೊಳ್ಳಬಹುದು, ಮದುವೆಯ ಚಿತ್ರಗಳನ್ನು ಕೊಳ್ಳಲಾಗದು.

ಎರಡನೆಯದು, ಒಂದು ನೋಟುಪುಸ್ತಕವನ್ನು ಯಂತ್ರದ ಬಳಿಯಲ್ಲಿಟ್ಟು, ಅದು ಆರಿದಾಗಲೆಲ್ಲ ತಾರೀಖು, ಗಂಟೆ, ಆಗ ನಡೆಯುತ್ತಿದ್ದ ಕೆಲಸ, ಮನೆಯಲ್ಲಿ ಆಗ ಏನೇನು ಚಾಲ್ತಿಯಲ್ಲಿತ್ತು, ಇಷ್ಟನ್ನು ಬರೆಯುವುದು. ಇದು ಅಲ್ಪವಾದ ಕೆಲಸವೆಂದು ಯಾರೂ ತಿಳಿಯಬಾರದು. 1947ನೆಯ ಇಸವಿಯಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ 2 ಎಂಬ ಭಾರಿ ಗಣಕಯಂತ್ರವು ತಪ್ಪು ಮಾಡಲು, ಅಲ್ಲಿಯವರು ಹುಡುಕಿ ಅದರ ಒಂದು ರಿಲೇಯಲ್ಲಿ ಸಿಕ್ಕಿಕೊಂಡಿದ್ದ ಪತಂಗವೊಂದನ್ನು ಹೊರತೆಗೆದು, ಆ ಹುಳುವನ್ನೇ ದಿನಚರಿಯ ಪುಟಕ್ಕೆ ಅಂಟಿಸಿಟ್ಟರು. ಆ ಪುಟವು ಇಂದಿಗೂ ಉಳಿದಿದೆ. ನಮ್ಮ ಕಡೆ ಪತಂಗಕ್ಕೆ ಬದಲಾಗಿ ಹಲ್ಲಿ, ಇರುವೆಗಳು ಪೆಟ್ಟಿಗೆಯನ್ನು ಸೇರುವುದುಂಟು. ಹುಳು ಯಾವುದಾದರೂ ಆಗಲಿ, ಅದನ್ನು ಕಂಡುಹಿಡಿಯುವ ಉಪಾಯವು ಒಂದೇ: ನೋಡಿದ್ದನ್ನು ಬರೆದಿಡುವುದು, ಮತ್ತು ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು. ಒಂದೇ ದಿನ ಮೂರು ಭಾಗಗಳನ್ನು ಬದಲಿಸಿ ಯಂತ್ರವು ಸರಿಹೋದರೆ, ಯಾವುದರಿಂದ ಸರಿಹೋಯಿತೆಂಬುದು ಎಂದಿಗೂ ತಿಳಿಯುವುದಿಲ್ಲ.

ಆರುವ ರೀತಿಯೇ ಅರ್ಧ ನಿದಾನ. ಯಾವ ಸೂಚನೆಯೂ ಇಲ್ಲದೆ ಥಟ್ಟನೆ ಕಪ್ಪಾದರೆ ವಿದ್ಯುಚ್ಛಕ್ತಿಯ ದೋಷವನ್ನು ಮೊದಲು ಶಂಕಿಸತಕ್ಕದ್ದು. ಯಂತ್ರವು ಮಂದವಾಗಿ, ಫ್ಯಾನು ಭೋರೆಂದು ತಿರುಗಿ, ಅನಂತರ ಆರಿದರೆ ಅದು ಕಾವಿನ ಲಕ್ಷಣ. ತೆರೆಯ ಮೇಲೆ ಏನೋ ಬರಹವು ಮೂಡಿ ಆಮೇಲೆ ಆರಿದರೆ ಸ್ಮೃತಿಯ ಅಥವಾ ತಂತ್ರಾಂಶದ ದೋಷವಿರಬಹುದು. ರಾತ್ರಿಯಲ್ಲಿ ಒಮ್ಮೆ ಮಾತ್ರ ಹೊತ್ತಿಕೊಂಡಿದ್ದರೆ ಅದು ರೋಗವೇ ಅಲ್ಲದಿರಬಹುದು; ವಿಂಡೋಸು ತನ್ನ ಹೊಸ ತಿದ್ದುಪಡಿಗಳನ್ನು ಹಾಕಿಕೊಂಡು ತಾನಾಗಿ ಮರಳಿ ಆರಂಭವಾಗುವುದುಂಟು.

ಹೊರಗಿನಿಂದ ಒಳಕ್ಕೆ: ಕರೆಂಟಿನ ಪರೀಕ್ಷೆ

ಜನರು ಯಂತ್ರದ ಪೆಟ್ಟಿಗೆಯನ್ನು ಬಿಚ್ಚಿ ಹುಡುಕಲಾರಂಭಿಸುತ್ತಾರೆ. ನಾವು ಹೇಳುವುದು ಇದಕ್ಕೆ ವಿಪರೀತ. ಗೋಡೆಯ ಪ್ಲಗ್ಗಿನಿಂದ ಆರಂಭಿಸಿ ಒಳಕ್ಕೆ ಬರಬೇಕು. ಅದರಲ್ಲಿಯೂ ಹಳ್ಳಿಗಳಲ್ಲಿ ಇದು ಅತ್ಯವಶ್ಯ. ಕೊಡಿಗೇನಹಳ್ಳಿಗೆ ದೂರವಲ್ಲದ ಪಾವಗಡದ ತಾಲ್ಲೂಕಿನಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ನೆಲದ ಮೇಲೆ, ಬಿಸಿಲಿನಿಂದ 2,050 ಮೆಗಾವಾಟ್ ಶಕ್ತಿಯನ್ನು ಉತ್ಪಾದಿಸಬಲ್ಲ ಸೌರಕ್ಷೇತ್ರವು 2019ನೆಯ ಇಸವಿಯ ಕೊನೆಗೆ ಪೂರ್ಣವಾಯಿತು. ಆದರೆ ಶಕ್ತಿಯು ಎಲ್ಲಿ ಎಷ್ಟು ಹುಟ್ಟಿದರೇನು? ನಮ್ಮ ಮನೆಯ ಪ್ಲಗ್ಗಿಗೆ ಅದು ಯಾವ ಸ್ಥಿತಿಯಲ್ಲಿ ತಲಪುವುದೆಂಬುದು ಹಳ್ಳಿಗರು ಟಿ.ಸಿ. ಎಂದು ಕರೆಯುವ ಟ್ರಾನ್ಸ್‌ಫಾರ್ಮರನ್ನೂ, ಅಲ್ಲಿಂದ ಮನೆಗೆ ಬಂದ ತಂತಿಯನ್ನೂ, ನಮ್ಮದೇ ಸ್ವಿಚ್ಚುಬೋರ್ಡನ್ನೂ ಅವಲಂಬಿಸಿದೆ.

ನಮ್ಮ ದೇಶದಲ್ಲಿ ಮನೆಗಳಿಗೆ ಬರಬೇಕಾದ ಒತ್ತಡವು 230 ವೋಲ್ಟು. ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ; ಎಂದರೆ ಒಂದು ಆವರ್ತಕ್ಕೆ ಸೆಕೆಂಡಿನ ಸಾವಿರದಲ್ಲಿ 20 ಪಾಲು ಕಾಲ ಹಿಡಿಯುವುದು. ಕಂಪ್ಯೂಟರಿನೊಳಗೆ ಈ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಹಂಚುವ ಒಂದು ಲೋಹದ ಪೆಟ್ಟಿಗೆಯಿದೆ. ಅದನ್ನು ಪವರ್ ಸಪ್ಲೈ ಎನ್ನುವರು. ಹೊರಗಿನ ಕರೆಂಟು ನಿಂತರೂ ಈ ಪೆಟ್ಟಿಗೆಯು ತನ್ನಲ್ಲಿ ಕೂಡಿಟ್ಟ ಶಕ್ತಿಯಿಂದ, ಪೂರ್ಣ ಹೊರೆಯನ್ನು ಹೊತ್ತಿರುವಾಗ, ಸಾವಿರದಲ್ಲಿ 16 ಅಥವಾ 17 ಪಾಲು ಸೆಕೆಂಡಿನಷ್ಟು ಕಾಲ ತಡೆದು ನಿಲ್ಲಬಲ್ಲದು. ಒಂದು ಆವರ್ತಕ್ಕಿಂತ ಕಡಿಮೆ! ಆದುದರಿಂದ ಮನೆಯ ದೀಪವು ಒಮ್ಮೆ ಮಿಣುಕಿದ್ದು ನಮ್ಮ ಕಣ್ಣಿಗೆ ಬೀಳದಿದ್ದರೂ ಯಂತ್ರಕ್ಕೆ ಅದು ಮರಣವಾಗಬಹುದು.

ಆರಿದ ಯಂತ್ರವು ಮರಳಿ ತಾನೇ ಹೊತ್ತಿಕೊಳ್ಳುವುದೇಕೆಂಬುದನ್ನೂ ಇಲ್ಲಿಯೇ ಹೇಳಬಹುದು. ತಾನು ಕೊಡುವ ವೋಲ್ಟುಗಳು ಸರಿಯಾಗಿರುವವರೆಗೆ ಪವರ್ ಸಪ್ಲೈ ಪೆಟ್ಟಿಗೆಯು ಮದರ್‌ಬೋರ್ಡಿಗೆ 'ಎಲ್ಲವೂ ಕ್ಷೇಮ' ಎಂಬರ್ಥದ ಒಂದು ಸಂಕೇತವನ್ನು ಸದಾ ಕಳುಹಿಸುತ್ತಿರುತ್ತದೆ. ಆ ಸಂಕೇತವು ತಪ್ಪಿದೊಡನೆ ಪ್ರಾಸೆಸರು ನಿಲ್ಲಿಸಲ್ಪಡುವುದು. ಸಂಕೇತವು ಮರಳಿದೊಡನೆ ಎಲ್ಲವೂ ಮೊದಲಿನಿಂದ ಆರಂಭವಾಗುವುದು. ಹೀಗೆ ನಾವು ರೋಗವೆಂದು ಭಾವಿಸುವುದು ಅನೇಕ ಸಲ ಯಂತ್ರದ ಆತ್ಮರಕ್ಷಣೆಯೇ ಆಗಿದೆ.

ಈಗ ಮನೆಯಲ್ಲಿ ನೋಡತಕ್ಕದ್ದೇನು? ನೀರಿನ ಮೋಟಾರು ಆರಂಭವಾಗುವ ಕ್ಷಣದಲ್ಲಿ ತಾನು ನಡೆಯುವಾಗ ಎಳೆಯುವುದಕ್ಕಿಂತ ಐದಾರು ಪಾಲು ಹೆಚ್ಚು ಕರೆಂಟನ್ನು ಎಳೆಯುತ್ತದೆ. ಆಗ ದೀಪವು ಮಂಕಾಗುವುದನ್ನು ಎಲ್ಲರೂ ಕಂಡಿದ್ದಾರೆ. ಮೋಟಾರು, ಮಿಕ್ಸಿ, ಫ್ರಿಜ್ಜುಗಳು ಚಾಲೂ ಆಗುವ ಗಳಿಗೆಗೂ ಯಂತ್ರವು ಆರುವ ಗಳಿಗೆಗೂ ಹೊಂದಿಕೆಯಿದೆಯೆ ಎಂಬುದನ್ನು ನೋಟುಪುಸ್ತಕವು ಹೇಳುವುದು. ಹೊಂದಿಕೆಯಿದ್ದರೆ ಹತ್ತಾರು ಸಾವಿರದ ಭಾಗಗಳನ್ನು ಮುಟ್ಟುವ ಕಾರಣವೇ ಇಲ್ಲ. ಎಕ್ಸ್‌ಟೆನ್ಷನ್ ಬೋರ್ಡನ್ನು ತೆಗೆದು, ಬಿಗಿಯಾದ ಗೋಡೆಯ ಪ್ಲಗ್ಗಿಗೇ ಯಂತ್ರವನ್ನು ಜೋಡಿಸಿ ನೋಡಬೇಕು. ಸಡಿಲವಾದ ಪ್ಲಗ್ಗಿನಲ್ಲಿ ಕಿಡಿ ಹಾರುತ್ತಿದ್ದರೆ ಅದನ್ನು ಬದಲಾಯಿಸಬೇಕು. ತಿಳಿದ ಎಲೆಕ್ಟ್ರಿಷಿಯನ್ನನಿಂದ ಸಂಜೆಯ ಹೊತ್ತಿನಲ್ಲಿ ವೋಲ್ಟೇಜನ್ನು ಅಳೆಯಿಸಬೇಕು. ಸಾಧ್ಯವಾದರೆ ಯಂತ್ರವನ್ನು ಮಧುಗಿರಿ, ಕೊರಟಗೆರೆ ಅಥವಾ ಸಿರಾದಲ್ಲಿರುವ ನೆಂಟರ ಮನೆಯಲ್ಲಿ ನಾಲ್ಕು ದಿನ ನಡೆಸಿ ನೋಡುವುದು ಅತ್ಯುತ್ತಮವಾದ ಪರೀಕ್ಷೆ. ಅಲ್ಲಿ ಒಮ್ಮೆಯೂ ಆರದಿದ್ದರೆ ಅಪರಾಧಿಯು ಬಹುಮಟ್ಟಿಗೆ ನಮ್ಮ ಮನೆಯ ಕರೆಂಟೇ ಹೊರತು ಯಂತ್ರವಲ್ಲ.

ಪವರ್ ಸಪ್ಲೈ ಪೆಟ್ಟಿಗೆಯ ಮೇಲಿನ ಚೀಟಿಯನ್ನೂ ಓದಬೇಕು. ಕೆಲವು ಪೆಟ್ಟಿಗೆಗಳು 100ರಿಂದ 240 ವೋಲ್ಟಿನವರೆಗೆ ನಡೆಯುವಂತೆ ಮಾಡಲ್ಪಟ್ಟಿರುತ್ತವೆ. ಅಗ್ಗದವುಗಳಲ್ಲಿ ಹಲವು 200ರಿಂದ 240ರವರೆಗೆ ಮಾತ್ರ. ವೋಲ್ಟೇಜು ತಗ್ಗುವ ಊರುಗಳಿಗೆ ಮೊದಲಿನ ಜಾತಿಯೇ ಹಿತವಾದುದು.

ಇನ್ವರ್ಟರು ಮತ್ತು ಯು.ಪಿ.ಎಸ್.

"ನಮ್ಮಲ್ಲಿ ಇನ್ವರ್ಟರಿದೆಯಲ್ಲ, ಕರೆಂಟಿನ ದೋಷ ಹೇಗಾದೀತು?" ಎಂದು ಗೃಹಸ್ಥರು ಕೇಳಬಹುದು. ಮನೆಯ ದೀಪ, ಫ್ಯಾನುಗಳಿಗೆಂದು ಹಾಕಿಸಿದ ಇನ್ವರ್ಟರು ಕರೆಂಟು ಹೋದಾಗ ಬ್ಯಾಟರಿಗೆ ಮಗುಚಲು ತುಸು ಕಾಲವನ್ನು ತೆಗೆದುಕೊಳ್ಳುವುದು. ಫ್ಯಾನಿಗೆ ಅದರ ಅರಿವೇ ಆಗದು. ಕಂಪ್ಯೂಟರಿಗೆ ಅಷ್ಟೇ ಸಾಕು. ಅನೇಕ ಇನ್ವರ್ಟರುಗಳ ಹಿಂಬದಿಯಲ್ಲಿ ಒಂದು ಚಿಕ್ಕ ಸ್ವಿಚ್ಚು ಇರುತ್ತದೆ. ಅದನ್ನು ಯು.ಪಿ.ಎಸ್. ಎಂಬ ಸ್ಥಾನಕ್ಕೆ ತಿರುಗಿಸಿದರೆ ಬದಲಾವಣೆಯು ಶೀಘ್ರವಾಗಿ ಆಗುವುದಲ್ಲದೆ, ವೋಲ್ಟೇಜು ಬಹಳ ತಗ್ಗಿದಾಗಲೂ ಬ್ಯಾಟರಿಯು ಕೆಲಸಕ್ಕೆ ಬರುವುದು. ಒಂದು ಪೈಸೆಯ ಖರ್ಚಿಲ್ಲದ ಈ ಚಿಕಿತ್ಸೆಯನ್ನು ಮೊದಲು ಮಾಡಿನೋಡತಕ್ಕದ್ದು. ಇನ್ನು ಸ್ಟೆಬಿಲೈಸರು ವೋಲ್ಟೇಜಿನ ಏರಿಳಿತವನ್ನು ತಿದ್ದುವುದೇ ಹೊರತು ನಿಂತ ಕರೆಂಟನ್ನು ತುಂಬಿಕೊಡಲಾರದು.

ಕಂಪ್ಯೂಟರಿಗೆಂದೇ ಕೊಂಡ ಯು.ಪಿ.ಎಸ್. ಇದ್ದರೆ ಅದರ ಬ್ಯಾಟರಿಯ ವಯಸ್ಸನ್ನು ವಿಚಾರಿಸಬೇಕು. ಎರಡು ಮೂರು ವರ್ಷಗಳಲ್ಲಿ ಅದು ದುರ್ಬಲವಾಗುವುದು ಸಹಜ. ಎಲ್ಲ ಕೆಲಸಗಳನ್ನೂ ಮುಚ್ಚಿ, ಯಂತ್ರವು ನಡೆಯುತ್ತಿರುವಾಗ, ಯು.ಪಿ.ಎಸ್.ಗೆ ಕರೆಂಟು ಕೊಡುವ ಗೋಡೆಯ ಸ್ವಿಚ್ಚನ್ನು ಆರಿಸಿ ನೋಡಿ. ಯಂತ್ರವೂ ಒಡನೆ ಆರಿದರೆ ಬ್ಯಾಟರಿಯು ತೀರಿತೆಂದೇ ತಿಳಿಯತಕ್ಕದ್ದು. 600 ವಿ.ಎ. ಎಂದು ಬರೆದಿದ್ದರೆ 600 ವಾಟ್ ಎಂದು ಅರ್ಥವಲ್ಲ. ಸಾಮಾನ್ಯವಾಗಿ ಅದು 360 ವಾಟಿನಷ್ಟನ್ನೇ ಹೊರಬಲ್ಲದು. ದೊಡ್ಡ ಗ್ರಾಫಿಕ್ಸ್ ಕಾರ್ಡಿರುವ ಯಂತ್ರಕ್ಕೆ ಅಷ್ಟು ಸಾಲದೆ ಹೋಗಬಹುದು.

ಅರ್ತಿಂಗಿನ ವಿಷಯವನ್ನೂ ಮರೆಯಬಾರದು. ಪೆಟ್ಟಿಗೆಯ ಲೋಹವನ್ನು ಮುಟ್ಟಿದಾಗ ಬೆರಳು ಜುಮ್ಮೆಂದರೆ ಮನೆಯ ಅರ್ತಿಂಗು ಕೆಲಸಮಾಡುತ್ತಿಲ್ಲವೆಂದು ಅರ್ಥ. ನಮ್ಮ ಬಯಲುಸೀಮೆಯ ನೆಲವು ಬೇಸಗೆಯಲ್ಲಿ ಒಣಗಿ ಅರ್ತಿಂಗಿನ ಗುಂಡಿಯೂ ಒಣಗುವುದರಿಂದ ಅದಕ್ಕೆ ಆಗಾಗ ನೀರು ಹಾಕಿಸುವುದು ಒಳ್ಳೆಯದು. ಯಂತ್ರಕ್ಕಿಂತ ಮನೆಯವರ ಪ್ರಾಣಕ್ಕೆ ಇದು ಹೆಚ್ಚು ಅವಶ್ಯ.

ಒಳಗಿನ ಪರೀಕ್ಷೆ: ಪೆಟ್ಟಿಗೆ, ಧೂಳು, ಕಾವು

ಹೊರಗಿನ ಕರೆಂಟು ಶುದ್ಧವೆಂದು ತೋರಿದ ಮೇಲೆಯೇ ಒಳಕ್ಕೆ ಬರಬೇಕು. ಯಂತ್ರವನ್ನು ಬಿಚ್ಚುವ ಮುನ್ನ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡತಕ್ಕದ್ದು. ಪವರ್ ಸಪ್ಲೈ ಪೆಟ್ಟಿಗೆಯನ್ನಂತೂ ಯಾವ ಕಾರಣಕ್ಕೂ ಬಿಚ್ಚಕೂಡದು; ಅದರ ಕೆಪಾಸಿಟರುಗಳಲ್ಲಿ ಪ್ಲಗ್ಗು ಕಿತ್ತ ಮೇಲೆಯೂ 300 ವೋಲ್ಟಿಗೆ ಮೀರಿದ ಅಪಾಯಕರವಾದ ಒತ್ತಡವು ಉಳಿದಿರಬಹುದು.

ಭಾರವಾದ ಕೆಲಸವನ್ನು ಕೊಟ್ಟ ಕೂಡಲೆ, ವಿಶೇಷವಾಗಿ ಆಟ ಆಡುವಾಗ, ಯಂತ್ರವು ಆರುತ್ತಿದ್ದರೆ ಪವರ್ ಸಪ್ಲೈಯ ಶಕ್ತಿಯು ಸಾಲದೆಂದು ಶಂಕಿಸಬೇಕು. ಪ್ರಾಸೆಸರಿಗೆ 65 ವಾಟ್, ಗ್ರಾಫಿಕ್ಸ್ ಕಾರ್ಡಿಗೆ 170 ವಾಟ್, ಉಳಿದವಕ್ಕೆಲ್ಲ 60 ವಾಟ್ ಎಂದಿಟ್ಟುಕೊಂಡರೆ 300ರ ಸಮೀಪಕ್ಕೆ ಬರುವುದು. ಆದರೆ ಗ್ರಾಫಿಕ್ಸ್ ಕಾರ್ಡು ಕ್ಷಣಮಾತ್ರಕ್ಕೆ ತನ್ನ ಲೆಕ್ಕವನ್ನು ಬಹಳವಾಗಿ ಮೀರಿ ಎಳೆಯುವುದರಿಂದ 500 ಅಥವಾ 550 ವಾಟಿನ ಒಳ್ಳೆಯ ಪೆಟ್ಟಿಗೆಯು ಬೇಕು. ಮನೆಯಲ್ಲಿ ಜೋಡಿಸುವವರು ಪ್ರಾಸೆಸರಿಗೆ ಧಾರಾಳವಾಗಿ ಖರ್ಚುಮಾಡಿ ಈ ಪೆಟ್ಟಿಗೆಯಲ್ಲಿ ಜಿಪುಣತನ ತೋರುವುದುಂಟು. ಅದು ಒಳ್ಳೆಯ ಮನೆಗೆ ಹುಸಿ ತಳಪಾಯ ಹಾಕಿದಂತೆ.

ಕಾವಿಗೆ ನಮ್ಮ ಸೀಮೆಯಲ್ಲಿ ಕೊರತೆಯಿಲ್ಲ. ಆಷಾಢದ ಗಾಳಿಯು ತಂದ ಕೆಂಧೂಳು ಪ್ರಾಸೆಸರಿನ ಮೇಲಿನ ಲೋಹದ ಹಲ್ಲುಗಳಲ್ಲಿ ಕಂಬಳಿಯಂತೆ ಕೂಡಿದರೆ ಫ್ಯಾನು ಎಷ್ಟು ತಿರುಗಿಯೂ ಪ್ರಯೋಜನವಿಲ್ಲ. ಇಂದಿನ ಪ್ರಾಸೆಸರುಗಳಲ್ಲಿ ಹಲವು 95ರಿಂದ 100 ಡಿಗ್ರಿ ಸೆಲ್ಷಿಯಸ್ ಸಮೀಪಿಸಿದಾಗ ಮೊದಲು ತಮ್ಮ ವೇಗವನ್ನು ತಗ್ಗಿಸಿಕೊಳ್ಳುವುವು. ಅದರಿಂದಲೂ ಕಾವು ಇಳಿಯದಿದ್ದರೆ ಯಂತ್ರವು ಆರುವುದು. ಉಷ್ಣತೆಯನ್ನು ತೋರಿಸುವ ಉಚಿತ ತಂತ್ರಾಂಶಗಳು ದೊರೆಯುತ್ತವೆ. ಧೂಳನ್ನು ಮೃದುವಾದ ಕುಂಚದಿಂದ ತೆಗೆಯಬೇಕು. ಗಾಳಿ ಊದುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಪಂಕ್ಚರ್ ಅಂಗಡಿಯ ಪಂಪಿನ ಗಾಳಿಯಲ್ಲಿ ನೀರಿನ ಹನಿಗಳಿರಬಹುದಾದ್ದರಿಂದ ಅದನ್ನು ಬಳಸದಿರುವುದೇ ಲೇಸು. ಪ್ರಾಸೆಸರಿಗೂ ಅದರ ಮೇಲಿನ ಲೋಹಕ್ಕೂ ನಡುವೆ ಹಚ್ಚುವ ಲೇಪವು ಒಣಗಿದ್ದರೆ ಹೊಸದಾಗಿ ಹಚ್ಚಬೇಕು.

ಜೋಡಣೆಯ ದೋಷಗಳನ್ನು ಇದೇ ಸಮಯದಲ್ಲಿ ನೋಡಬಹುದು. ಮದರ್‌ಬೋರ್ಡಿನ ಕೆಳಗಿನ ಹಿತ್ತಾಳೆಯ ಕಾಲುಗಳಲ್ಲಿ ಒಂದು ತಪ್ಪಾದ ಜಾಗದಲ್ಲಿ ನಿಂತು ಬೋರ್ಡನ್ನು ಮುಟ್ಟುತ್ತಿದೆಯೆ? ದೊಡ್ಡ ಕನೆಕ್ಟರುಗಳು ಕೊನೆಯವರೆಗೆ ಕೂತಿವೆಯೆ? ಮುಂಭಾಗದ ರೀಸೆಟ್ ಗುಂಡಿಯು ಒಳಗೇ ಸಿಕ್ಕಿಕೊಳ್ಳುತ್ತಿದೆಯೆ? ಆ ಗುಂಡಿಯ ತಂತಿಯನ್ನು ಬೋರ್ಡಿನಿಂದ ಕಿತ್ತು ಕೆಲವು ದಿನ ನಡೆಸಿದರೆ ಸಂಶಯವು ತೀರುವುದು. ಯಂತ್ರವು ಹಳೆಯದಾದರೆ ಬೋರ್ಡಿನ ಮೇಲಿನ ಸಣ್ಣ ಉರುಳೆಗಳ, ಎಂದರೆ ಕೆಪಾಸಿಟರುಗಳ, ತಲೆಯು ಉಬ್ಬಿದೆಯೆ ಎಂದು ನೋಡಬೇಕು. 2000ದ ದಶಕದ ಮೊದಲ ವರ್ಷಗಳಲ್ಲಿ ಕೆಟ್ಟ ರಸವನ್ನು ತುಂಬಿದ ಕೆಪಾಸಿಟರುಗಳು ಲೋಕದಾದ್ಯಂತ ಅಸಂಖ್ಯ ಯಂತ್ರಗಳನ್ನು ಹೀಗೆಯೇ ಕೆಡಿಸಿದುವು.

ಸ್ಮೃತಿಯ ಮತ್ತು ತಂತ್ರಾಂಶದ ಪರೀಕ್ಷೆ

ವಿಂಡೋಸು ತನ್ನಲ್ಲಿ ಗಂಡಾಂತರ ಒದಗಿದಾಗ ಒಂದು ಬರಹವನ್ನು ತೋರಿಸಿ, ನಾವು ಓದುವುದಕ್ಕೆ ಮೊದಲೇ ಮರಳಿ ಆರಂಭವಾಗುವುದು. ಹಿಂದೆ ನೀಲಿಯಾಗಿದ್ದ ಆ ತೆರೆಯು 2025ರಿಂದ ಹೊಸ ವಿಂಡೋಸಿನಲ್ಲಿ ಕಪ್ಪಾಗಿದೆ. 'ಸ್ಟಾರ್ಟಪ್ ಅಂಡ್ ರಿಕವರಿ' ಎಂಬಲ್ಲಿ 'ಆಟೊಮ್ಯಾಟಿಕಲಿ ರಿಸ್ಟಾರ್ಟ್' ಎಂಬುದರ ಗುರುತನ್ನು ತೆಗೆದುಹಾಕಿದರೆ ಬರಹವು ನಿಲ್ಲುವುದು. ಅದರ ಸಂಕೇತವನ್ನು ಬರೆದುಕೊಳ್ಳಬಹುದು. 'ಈವೆಂಟ್ ವ್ಯೂವರ್' ಎಂಬಲ್ಲಿ 'ಕರ್ನೆಲ್-ಪವರ್ 41' ಎಂದು ಕಂಡೊಡನೆ ಕರೆಂಟಿನದೇ ದೋಷವೆಂದು ನಿರ್ಣಯಿಸಬಾರದು. ಯಂತ್ರವು ಕ್ರಮವಾಗಿ ಮುಚ್ಚಲ್ಪಡಲಿಲ್ಲವೆಂದಷ್ಟೇ ಅದರ ಅರ್ಥ. ಅದರೊಳಗಿನ ದೋಷಸಂಖ್ಯೆಯು ಸೊನ್ನೆಯಾಗಿದ್ದರೆ, ತಂತ್ರಾಂಶಕ್ಕೆ ಬರೆದಿಡುವಷ್ಟು ವ್ಯವಧಾನವೂ ಸಿಗಲಿಲ್ಲವೆಂದೂ, ದೋಷವು ಕರೆಂಟಿನ ಅಥವಾ ಯಂತ್ರಭಾಗದ ಕಡೆಗಿರುವ ಸಂಭವವೇ ಹೆಚ್ಚೆಂದೂ ತಿಳಿಯಬೇಕು.

ಸ್ಮೃತಿಯ ಪಟ್ಟಿಗಳನ್ನು, ಎಂದರೆ ರ್ಯಾಮನ್ನು, ಪರೀಕ್ಷಿಸಲು 'ಮೆಮ್‌ಟೆಸ್ಟ್86+' ಎಂಬ ಉಚಿತ ಸಾಧನವನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿಯೆಲ್ಲ ನಡೆಸಬೇಕು. ಒಂದೇ ಒಂದು ತಪ್ಪು ಕಂಡರೂ ಸ್ಮೃತಿಯ ವ್ಯವಸ್ಥೆಯನ್ನು ನಂಬಕೂಡದು. ವೇಗವನ್ನು ಹೆಚ್ಚಿಸುವ 'ಎಕ್ಸ್.ಎಂ.ಪಿ.' ವ್ಯವಸ್ಥೆಯನ್ನು ನಿಲ್ಲಿಸಿ, ಅನಂತರ ಪಟ್ಟಿಗಳನ್ನು ಒಂದೊಂದಾಗಿ ಹಾಕಿ ಮರಳಿ ಪರೀಕ್ಷಿಸಿದರೆ ಅಪರಾಧಿಯು ಸಿಕ್ಕಿಬೀಳುವುದು.

ಇಷ್ಟೆಲ್ಲವೂ ಸರಿಯಾಗಿದ್ದು ಪ್ರಾಸೆಸರೇ ದೋಷಿಯಾಗುವುದು ಅಪರೂಪ, ಆದರೆ ಅಸಾಧ್ಯವಲ್ಲ. ಇಂಟೆಲ್ ಕಂಪನಿಯ 13 ಮತ್ತು 14ನೆಯ ಪೀಳಿಗೆಯ ಮೇಜುಯಂತ್ರಗಳ ಕೆಲವು ಪ್ರಾಸೆಸರುಗಳು ಕಾರಣವಿಲ್ಲದೆ ಕುಸಿಯುತ್ತಿದ್ದುವೆಂಬ ದೂರು ಎಲ್ಲೆಡೆಯೂ ಹಬ್ಬಿದಾಗ, ಪ್ರಾಸೆಸರು ಅತಿಯಾದ ವೋಲ್ಟೇಜನ್ನು ಕೇಳುತ್ತಿದ್ದುದೇ ಕಾರಣವೆಂದು ಕಂಪನಿಯು 2024ರಲ್ಲಿ ಪ್ರಕಟಿಸಿ, ತಿದ್ದುಪಡಿಯನ್ನು ಹೊರಡಿಸಿ, ಖಾತರಿಯ ಅವಧಿಯನ್ನು ಎರಡು ವರ್ಷ ಹೆಚ್ಚಿಸಿತು. ಮದರ್‌ಬೋರ್ಡಿನ ಬಯಾಸನ್ನು ಹೊಸದಾಗಿಸುವುದರಿಂದ ಆ ತಿದ್ದುಪಡಿಯು ದೊರೆಯುವುದು. ಆದರೆ ಅದಾಗಲೇ ಜಖಂಗೊಂಡ ಪ್ರಾಸೆಸರನ್ನು ಅದು ಗುಣಪಡಿಸಲಾರದು. ಆದುದರಿಂದ ಬಿಡಿಭಾಗಗಳ ರಸೀದಿಗಳನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು. ಸಿದ್ಧವಾದ ಯಂತ್ರಕ್ಕೆ ಖಾತರಿ ಒಂದೇ. ಜೋಡಿಸಿದ ಯಂತ್ರಕ್ಕೆ ಭಾಗಕ್ಕೊಂದು ಖಾತರಿ.

ಬಯಾಸನ್ನು ಬದಲಿಸುವ ಕೆಲಸವನ್ನು ಕರೆಂಟು ಸ್ಥಿರವಾಗಿರುವಾಗಲೇ ಮಾಡತಕ್ಕದ್ದು. ನಡುವೆ ಯಂತ್ರವು ಆರಿದರೆ ಮದರ್‌ಬೋರ್ಡೇ ನಿಷ್ಪ್ರಯೋಜಕವಾಗಬಹುದು. ಕರೆಂಟಿನ ಪರೀಕ್ಷೆಯನ್ನು ಮೊದಲಿಗಿಟ್ಟುದಕ್ಕೆ ಇದೂ ಒಂದು ಕಾರಣ.

ಈ ಕ್ರಮವನ್ನು ಅನುಸರಿಸಿದ ಮೇಲೆಯೂ ಕಾರಣ ಸಿಕ್ಕದಿದ್ದರೆ ಬಲ್ಲವರ ಬಳಿಗೆ ಯಂತ್ರದೊಡನೆ ನೋಟುಪುಸ್ತಕವನ್ನೂ ಕೊಂಡೊಯ್ಯಬೇಕು. "ಆಗಾಗ ಆರುತ್ತದೆ ಸ್ವಾಮಿ" ಎಂದಷ್ಟೇ ಹೇಳುವವನಿಗಿಂತ, "ಹದಿನಾಲ್ಕು ಸಲ ಆರಿದೆ, ಅದರಲ್ಲಿ ಹತ್ತು ಸಲ ಸಂಜೆ ಏಳರಿಂದ ಒಂಬತ್ತರೊಳಗೆ" ಎನ್ನುವವನ ಯಂತ್ರವು ಬೇಗ ಗುಣವಾಗುವುದು. ಅಂಥವನಿಗೆ ಬೇಡದ ಭಾಗವನ್ನು ಮಾರುವುದೂ ಕಷ್ಟ.

ಕೊನೆಯದಾಗಿ ಮನೆಯ ಹಿರಿಯರಲ್ಲಿ ಒಂದು ವಿಜ್ಞಾಪನೆ. ಯಂತ್ರವು ಆರಿದ ಮಾತ್ರಕ್ಕೆ ಅದನ್ನು ಜೋಡಿಸಿದ ಹುಡುಗನನ್ನೋ ಹುಡುಗಿಯನ್ನೋ ಹಳಿಯಬಾರದು. ದೊಡ್ಡ ಕಾರ್ಖಾನೆಗಳಿಂದ ಬಂದ ಯಂತ್ರಗಳಿಗೂ ಇದೇ ರೋಗ ಬಂದಿರುವುದನ್ನು ಮೇಲೆ ಕಂಡೆವು. ದೋಷವು ಮನೆಯ ಸಡಿಲವಾದ ಪ್ಲಗ್ಗಿನಲ್ಲಿದ್ದು ಬೈಗುಳವು ಮಕ್ಕಳ ಪಾಲಿಗೆ ಬಂದರೆ ಅನ್ಯಾಯವಾಗುವುದು. ಸಾವಧಾನದಿಂದ ನೋಡಿ, ಬರೆದು, ಒಂದೊಂದನ್ನೇ ಬದಲಿಸಿ ಕಾರಣವನ್ನು ಕಂಡುಹಿಡಿದ ಮಗುವು ಕಂಪ್ಯೂಟರನ್ನು ಮಾತ್ರವಲ್ಲ, ಮುಂದೆ ಮೋಟಾರನ್ನೂ ಬೆಳೆಯ ರೋಗವನ್ನೂ ಮನೆಯ ಲೆಕ್ಕವನ್ನೂ ಅದೇ ರೀತಿಯಿಂದ ನೋಡಲು ಕಲಿಯುವುದು.